ಮೈಕಿನ ಕೊಂಡಿ

ನಮ್ಮ ನಡುಮನೆ ಗೋಡೆಯಲ್ಲಿ ಬೆರಳಗಲದ ಒಂದು ಕಬ್ಬಿಣದ ಕೊಂಡಿ ಇದೆ. ಎರಡು ಸ್ಕ್ರೂ ಹಾಕಿ ಕೂರಿಸಿದ್ದೇನೆ. ಅದರಲ್ಲಿ ಈಗ ನನ್ನ ತಾಳದ ದಾರ ನೇತಾಡುತ್ತದೆ. ಬಂದವರು ಅದನ್ನು ಯಾವುದೋ ಹಳೇ ಬೀರುವಿನದು ಅಂದುಕೊಳ್ಳುತ್ತಾರೆ. ಅದು ಜೀಪಿನ ವೈರ್‌ಲೆಸ್ ಸೆಟ್ಟಿನ ಮೈಕು ಸಿಕ್ಕಿಸುವ ಕೊಂಡಿ. ಸೆಟ್ಟು ಹೋಯಿತು, ಜೀಪು ಹೋಯಿತು, ಎಸ್ಟೇಟಿನ ಕೆಲಸವೂ ಹೋಯಿತು. ಇದೊಂದು ಉಳಿದಿದೆ.

ವಾಚನಾಲಯದ ಹುಡುಗರು ನಾನು ಹೇಳುವ ಪದಗಳನ್ನೆಲ್ಲ ಪಟ್ಟಿ ಮಾಡಿಕೊಂಡು ಬಂದು, "ಮಾಮ, ನೀವು ಮಾದಪ್ಪ ಹುಲಿ ಏರಿ ಬರೋ ಪದ ಚೆನ್ನಾಗಿ ಹೇಳ್ತಿದ್ರಂತೆ, ನಮ್ಮಪ್ಪ ಹೇಳ್ತಾರೆ. ಈಗ ಯಾಕೆ ಹೇಳಲ್ಲ? ಅದರ ಬಗ್ಗೆ ಬರೆದುಕೊಡಿ" ಅಂದರು. ಅದರ ಬಗ್ಗೆ ಬರೆಯಬೇಕಾದರೆ ಈ ಕೊಂಡಿಯ ಬಗ್ಗೆ ಬರೆಯಬೇಕು, ಕೊಂಡಿಯ ಬಗ್ಗೆ ಬರೆಯಬೇಕಾದರೆ ಸೆಟ್ಟಿನ ಬಗ್ಗೆ. ಏಳನೇ ಕ್ಲಾಸು ಓದಿದವನ ಬರಹ, ತಪ್ಪಿದ್ದ ಕಡೆ ನೀವೇ ತಿದ್ದಿಕೊಳ್ಳಿ.

ಇಪ್ಪತ್ತೈದು ದಾಟಿದ ಮೇಲೆ ಹನ್ನೆರಡು ವರ್ಷ ಒಂದು ಎಸ್ಟೇಟಿನ ಜೀಪು ಓಡಿಸಿದೆ. ಹೊಲ ಇತ್ತು. ಆದರೆ ನಮ್ಮ ಕಡೆಯ ಹೊಲ ನಿಮಗೆ ಗೊತ್ತಲ್ಲ. ರಾಗಿ ತೆನೆ ಕಟ್ಟೋ ಹೊತ್ತಿಗೆ ಆನೆ, ಅವರೆ ಹೂ ಬಿಟ್ಟರೆ ಜಿಂಕೆ, ಗೆಣಸು ಹಾಕಿದರೆ ಹಂದಿ. ಮಿಕ್ಕಿದ್ದು ನಮಗೆ. ಅದಕ್ಕೆ ಸಂಬಳದ ಕೆಲಸಕ್ಕೆ ಹೋದೆ. ಆಗ ಇಲ್ಲಿ ಸೆಲ್ ಫೋನು ಅನ್ನೋ ಮಾತೇ ಇರಲಿಲ್ಲ. ಎಸ್ಟೇಟ್ ಆಫೀಸಿಗೆ ಒಂದು ತಂತಿ ಫೋನು. ಗಾಳಿಗೆ ಕೊಂಬೆ ಬಿದ್ದರೂ, ಆನೆ ಕಂಬಕ್ಕೆ ಮೈ ಉಜ್ಜಿದರೂ ಅದು ಸತ್ತುಹೋಗೋದು. ಹಾಗಾಗಿ ದೊರೆ ವೈರ್‌ಲೆಸ್ ತರಿಸಿದರು. ಆಫೀಸಲ್ಲಿ ಒಂದು, ಜೀಪಲ್ಲಿ ಒಂದು, ವಾಚರುಗಳ ಕೈಗೆ ಎರಡು ಸಣ್ಣವು.

ಜೀಪಿಗೆ ಮೊದಲು ಬಂದದ್ದು ಯಾರೋ ಬಿಟ್ಟ ಹಳೇದು. ಡ್ಯಾಶ್‌ಬೋರ್ಡ್ ಕೆಳಗೆ ಗುಂಡಿಗಳಿರೋ ತಲೆ ಮಾತ್ರ. ಮೈಯೆಲ್ಲ ಹಿಂದಿನ ಸೀಟಿನ ಕೆಳಗೆ ದೊಡ್ಡ ಪೆಟ್ಟಿಗೆಯಲ್ಲಿ. ತಲೆಗೂ ಮೈಗೂ ನಡುವೆ ಹೆಬ್ಬೆರಳು ಗಾತ್ರದ ಕೇಬಲ್. ಒಳಗೆ ಒಂದೊಂದು ಚಾನೆಲ್ಲಿಗೆ ಎರಡೆರಡು ಹರಳು, ಕಳಿಸೋಕೆ ಒಂದು, ಕೇಳೋಕೆ ಒಂದು. ಚಾನೆಲ್ ಬದಲಾಯಿಸಬೇಕು ಅಂದರೆ ಹರಳು ಮಾಡಿಸಿ ತರಿಸಿ ಕೂರಿಸಬೇಕು. ಆಮೇಲೆ ಬಂದದ್ದು ಮೊಟೊರೊಲಾ. ತಲೆ ಮೈ ಎಲ್ಲ ಒಂದೇ ಡಬ್ಬಿ, 25 ವಾಟ್. ಅದಕ್ಕೆ ಹರಳು ಬದಲಿಸೋ ಗೋಜಿಲ್ಲ. ಮೈಸೂರಿಂದ ಮೆಕ್ಯಾನಿಕ್ ಬಂದು ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ಏನೇನು ಬೇಕೋ ಬರೆದು ಹೋಗೋನು. ಜೀಪಿನ ನೆತ್ತಿ ಮೇಲೆ ಅರ್ಧ ಮೀಟರ್ ಉದ್ದದ ಒಂದು ಕಡ್ಡಿ. ಬಿದಿರ ಮೆಳೆಗೆ ತಗುಲಿ ತಗುಲಿ ಅದು ಯಾವಾಗಲೂ ಹಿಂದಕ್ಕೇ ಬಾಗಿರೋದು.

ಈ ಸೆಟ್ಟುಗಳಲ್ಲಿ "ಆಪ್ಷನ್" ಅಂತ ಇರುತ್ತವೆ. ಸೆಟ್ಟು ಒಂದೇ, ಆದರೆ ಕೊಂಡವರು ಕೇಳಿದ ಹಾಗೆ ಒಂದೊಂದು ಬುದ್ಧಿ ಅದಕ್ಕೆ ಕಲಿಸಬಹುದು. ಕೀ ತೆಗೆದರೆ ಸೆಟ್ಟೂ ಆರೋ ಹಾಗೆ ಇಗ್ನಿಷನ್ ತಂತಿ ಕೊಡೋದು ಒಂದು ಆಪ್ಷನ್. ನಮಗೆ ಮೊದಲು ಅದಿರಲಿಲ್ಲ. ಸಂಜೆ ಸೆಟ್ಟು ಆರಿಸೋದು ಮರೆತರೆ ಬೆಳಿಗ್ಗೆ ಬ್ಯಾಟರಿ ಇಳಿದು, ಆರು ಜನ ಜೀಪು ತಳ್ಳಬೇಕು. ಮೈಕಿನಲ್ಲಿ ಆಡಿದ್ದು ಬಾನೆಟ್ ಮೇಲಿನ ಲೌಡ್ ಸ್ಪೀಕರಲ್ಲಿ ಬರೋದು ಇನ್ನೊಂದು. ಎಲ್ಲಕ್ಕಿಂತ ಮಜಾ ಹಾರನ್ನಿನ ಆಪ್ಷನ್. ಡ್ರೈವರು ಜೀಪು ಬಿಟ್ಟು ದೂರ ಹೋಗಿದ್ದಾಗ ಅವನಿಗೆ ಕರೆ ಬಂದರೆ ಜೀಪಿನ ಹಾರನ್ ತಾನೇ ಕೂಗುತ್ತೆ. ಪಟ್ಟಣಕ್ಕೆ ಒಳ್ಳೇದೇ. ದೊರೆ ಅದನ್ನೂ ಹಾಕಿಸಿದರು. ಒಂದು ದಿನ ನಾನು ಹಳ್ಳದ ಹತ್ತಿರ ಜೀಪು ನಿಲ್ಲಿಸಿ ಈಚೆ ಬಂಡೆ ಮರೇಲಿ ಕೂತು ಬುತ್ತಿ ಬಿಚ್ಚಿದ್ದೆ. ಆಚೆ ಕಡೆಯಿಂದ ಎರಡು ಹೆಣ್ಣಾನೆ ಒಂದು ಮರಿ ಬಂದು, ಜೀಪಿಗೂ ನನಗೂ ಮಧ್ಯೆ ನಿಂತವು. ಉಸಿರು ಬಿಗಿಹಿಡಿದು ಕೂತಿದ್ದೀನಿ, ಆಫೀಸಿನ ರೈಟರಿಗೆ ಅದೇ ಹೊತ್ತಿಗೆ ನನ್ನ ಜ್ಞಾಪಕ ಬಂತು. ಹಾರನ್ ಕೂಗಿತು ನೋಡಿ! ತಾಯಾನೆ ಜೀಪಿನ ಬಾಗಿಲು ಮಡಚಿ ಹಾಕಿತು. ಮಾರನೇ ದಿನ ಆ ತಂತಿ ಕತ್ತರಿಸಿದೆವು.

ಇವೆಲ್ಲ ಸಣ್ಣ ವಿಷಯ. ನಾನು ಹೇಳಬೇಕಾದ್ದು ಕೇಳೋದಕ್ಕೆ ಸಂಬಂಧಪಟ್ಟ ಆಪ್ಷನ್‌ಗಳನ್ನ.

ಸೆಟ್ಟು ಸುಮ್ಮನಿದ್ದಾಗ ಅದರ ಒಳಗೆ ಜೋರು ಮಳೆ ಹುಯ್ಯೋ ಹಾಗೆ ಸೊರ್ ಅಂತ ಸದ್ದು ಇದ್ದೇ ಇರುತ್ತೆ. ಅದನ್ನ ತಡೆದು, ಯಾರಾದರೂ ಮಾತಾಡಿದಾಗ ಮಾತ್ರ ಬಾಗಿಲು ತೆಗೆಯೋದಕ್ಕೆ ಸ್ಕ್ವೆಲ್ಚ್ ಅಂತಾರೆ. ಹಳೇ ಸೆಟ್ಟಲ್ಲಿ ಅದಕ್ಕೊಂದು ತಿರುಗಿಸೋ ಗುಂಡಿ ಇತ್ತು. ಬಿಗಿ ಮಾಡಿದರೆ ಕಿವಿಗೆ ನೆಮ್ಮದಿ, ಆದರೆ ದೂರದ ಸಣ್ಣ ದನಿ ಒಳಕ್ಕೆ ಬರಲ್ಲ. ಸಡಿಲ ಮಾಡಿದರೆ ದನಿ ಬರುತ್ತೆ, ಜೊತೆಗೆ ಮಳೆಯೂ ಬರುತ್ತೆ. ನಮ್ಮ ಜಾಗವೂ ಹಾಗೇ. ಬೊಕ್ಕಾಪುರ ಬೆಟ್ಟದ ಬುಡದಲ್ಲಿದೆ. ತೆಂಕಲಿಗೆ ನೀಲಗಿರಿ ಗೋಡೆ ಎದ್ದು ನಿಂತಿದೆ, ಬಡಗಲಿಗೆ ಮೊಯಾರ್ ಕಂದರ. ಮಸಿನಗುಡಿಯಿಂದ ಕಲ್ಲಟ್ಟಿ ಮೇಲೆ ಊಟಿಗೆ ಹತ್ತೋವಾಗ 36 ತಿರುವು. ಒಂದು ತಿರುವಲ್ಲಿ ಆಫೀಸು ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸೋದು, ಮುಂದಿನ ತಿರುವಲ್ಲಿ ಬಾವಿಗೆ ಬಿದ್ದ ಹಾಗೆ. ಈ ವೈರ್‌ಲೆಸ್ಸಿಗೂ ಕಣ್ಣಿಗೂ ಹೆಚ್ಚು ಕಡಿಮೆ ಒಂದೇ ದಾರಿ, ಗುಡ್ಡ ಅಡ್ಡ ಬಂದರೆ ಎರಡಕ್ಕೂ ಆಗಲ್ಲ. ಅದಕ್ಕೇ ದೊಡ್ಡ ಇಲಾಖೆಗಳವರು ಗುಡ್ಡದ ನೆತ್ತಿ ಮೇಲೆ ರಿಪೀಟರ್ ಇಡ್ತಾರೆ. ಕೆಳಗಿಂದ ಬಂದ ಮಾತನ್ನ ಅದು ಎತ್ತಿಕೊಂಡು ಜೋರಾಗಿ ಮತ್ತೆ ಹೇಳುತ್ತೆ, ನಮ್ಮ ಪದದಲ್ಲಿ ಹಿಂದಾಳುಗಳು ಎತ್ತಿ ಹೇಳೋ ಹಾಗೆ. ನಮ್ಮ ಎಸ್ಟೇಟಿಗೆ ರಿಪೀಟರ್ ಇರಲಿಲ್ಲ. ನಾವು ನೇರ ಮಾತಾಡೋರು.

ಈಗ ಟೋನ್. ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಚಾನೆಲ್ ಅನ್ನೋದು ಕೆರೆ ಇದ್ದ ಹಾಗೆ, ಒಬ್ಬರದ್ದೇ ಅಲ್ಲ. ನಮ್ಮ ಚಾನೆಲ್ಲಿನಲ್ಲೇ ಗುಡ್ಡದ ಆಚೆ ಬೇರೊಂದು ಕೆಲಸದ ಜನವೂ ಮಾತಾಡ್ತಿದ್ದರು. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ, ದಿನವೆಲ್ಲ ಗದ್ದಲ. ಅದಕ್ಕೆ ಮದ್ದು ಟೋನ್. ಮಾತಿನ ಕೆಳಗೆ ಒಂದು ಸಣ್ಣ ಶ್ರುತಿ ಕಳಿಸೋದು. 67ರಿಂದ 250 ಹರ್ಟ್ಜ್ ಒಳಗಿನ ಮಂದ್ರ ದನಿ. ತಂಬೂರಿ ತಂತಿ ಹಾಗೆ ಮಾತಿನ ಉದ್ದಕ್ಕೂ ನಿಂತಿರುತ್ತೆ. ಸ್ಪೀಕರಿಗೆ ಬರೋ ಮೊದಲೇ ಅದನ್ನ ಸೋಸಿಬಿಡೋದರಿಂದ ನಮ್ಮ ಕಿವಿಗೆ ಬೀಳಲ್ಲ. ನಮ್ಮ ಸೆಟ್ಟು ನಮ್ಮ ಶ್ರುತಿ ಇದ್ದರೆ ಮಾತ್ರ ಬಾಯಿ ಬಿಡುತ್ತೆ. ಬೇರೆ ಶ್ರುತಿಯವರು ಎಷ್ಟು ಕೂಗಿದರೂ ಮೂಕ. ಮೊಟೊರೊಲಾದವರು ಇದಕ್ಕೆ ಪ್ರೈವೇಟ್ ಲೈನ್ ಅಂತ ಹೆಸರಿಟ್ಟರು. ಹೆಸರು ಕೇಳಿ ನಾವು, ನಮ್ಮ ಮಾತು ಇನ್ನು ಯಾರಿಗೂ ಕೇಳಲ್ಲ ಅಂದುಕೊಂಡೆವು. ಅದು ತಪ್ಪು. ನಮ್ಮ ಮಾತು ಎಲ್ಲರಿಗೂ ಹೋಗುತ್ತೆ, ಟೋನ್ ಇಲ್ಲದೆ ಬಾಗಿಲು ತೆಗೆದವರೆಲ್ಲ ಕೇಳಬಹುದು. ಟೋನ್ ಮುಚ್ಚೋದು ನಮ್ಮ ಕಿವಿಯನ್ನ.

ಸೆಟ್ಟು ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಈ ಕೊಂಡಿ. ಮೈಕು ಕೊಂಡಿಯಲ್ಲಿ ಕೂತಿರೋವರೆಗೆ ಟೋನಿನ ಬಾಗಿಲು ಹಾಕಿರುತ್ತೆ. ಮಾತಾಡೋಕೆ ಅಂತ ಕೈಗೆತ್ತಿಕೊಂಡ ತಕ್ಷಣ ಬಾಗಿಲು ತೆರೆದುಕೊಂಡು, ಆ ಚಾನೆಲ್ಲಿನಲ್ಲಿ ಯಾರೇ ಮಾತಾಡ್ತಿದ್ದರೂ ಕೇಳುತ್ತೆ. ಮೊದಲು ಕೇಳು, ಯಾರೂ ಇಲ್ಲದಿದ್ದರೆ ಒತ್ತು. ಅಷ್ಟು ಸಣ್ಣ ತಗಡಿನಲ್ಲಿ ಅಷ್ಟು ಮರ್ಯಾದೆ ಇಟ್ಟಿದ್ದರು. ಜೊತೆಗೆ ಮುಂದುಗಡೆ ಒಂದು ಸಣ್ಣ ದೀಪ. ನಿಮಗೆ ಕೇಳಲಿ ಬಿಡಲಿ, ಚಾನೆಲ್ಲಲ್ಲಿ ಯಾರಾದರೂ ಇದ್ದರೆ ಅದು ಹತ್ತುತ್ತೆ.

ನನಗೆ ಆ ಕೊಂಡಿ ಕಿರಿಕಿರಿ. ಮೈಕು ಎತ್ತಿದರೆ ಸಾಕು, ಆಚೆಯವರ ಡೀಸೆಲ್ಲು, ಸಿಮೆಂಟು, ಯಾರಿಗೋ ರಜ. ಜೀಪು ಕುಣಿದರೆ ಮೈಕು ಕೊಂಡಿಯಿಂದ ಜಾರಿ ಬೀಳೋದು, ಬಿದ್ದರೆ ಮತ್ತೆ ಅದೇ ಗದ್ದಲ. ಒಂದು ದಿನ ಮೆಕ್ಯಾನಿಕ್ಕಿಗೆ ಹೇಳಿದೆ, "ಸಾರ್, ಎತ್ತಿದರೂ ಬಾಗಿಲು ತೆಗೀಬಾರದು, ಹಂಗೆ ಮಾಡಿಕೊಡಿ." ಅವನು ಬೇಡ ಅಂದ. ನಾನು ಒಂದು ಬಾಟಲಿ ಜೇನು ಕೊಟ್ಟೆ. ಅವನು ಕೊಂಡಿಯ ತಂತಿಯನ್ನ ಒಳಗೇ ಗ್ರೌಂಡಿಗೆ ಬೆಸೆದ. ಇನ್ನು ಮೈಕು ಎಲ್ಲಿದ್ದರೂ, ಅದು ಕೊಂಡಿಯಲ್ಲೇ ಇದೆ ಅಂತ ಸೆಟ್ಟು ತಿಳಿದುಕೊಳ್ಳುತ್ತೆ. ಜೀಪೊಳಗೆ ನೆಮ್ಮದಿ ಆಯಿತು.

ತೊಂಬತ್ತರ ದಶಕದ ಮೊದಲ ಭಾಗ. ಮಾಸಿ ತಿಂಗಳು, ನಮ್ಮ ಮಾರಿಯಮ್ಮನ ಜಾತ್ರೆಗೆ ಇನ್ನು ಎಂಟು ದಿನ. ಕಾಡು ಒಣಗಿ ನಿಂತಿತ್ತು. ಹಳ್ಳದ ಗುಂಡಿಗಳಲ್ಲಿ ಮಾತ್ರ ನೀರು, ಸಂಜೆಯಾದರೆ ಆನೆಯೆಲ್ಲ ಅಲ್ಲಿಗೇ. ಕೂಲಿ ಜನ ಇಳಿದು ಬರಲಿ ಅಂತ ಎಸ್ಟೇಟಿನ ಮೇಲಿನ ಏರಿಯಲ್ಲಿ ಜೀಪು ನಿಲ್ಲಿಸಿಕೊಂಡಿದ್ದೆ. ಅಲ್ಲಿಂದ ಮಸಿನಗುಡಿ ಬಯಲೆಲ್ಲ ಅಂಗೈ ಹಾಗೆ ಕಾಣುತ್ತೆ. ಆಫೀಸಿಂದ ರೈಟರು, "ದೊರೆ ಊಟಿಗೆ ಹೋಗವ್ರೆ. ಒಂದ್ ಪದ ಹೇಳಪ್ಪ, ಜಾತ್ರೆಗೆ ಏನ್ ತಯಾರಿ ಮಾಡಿದ್ದೀಯ ನೋಡಾನ" ಅಂದರು. ವೈರ್‌ಲೆಸ್ಸಲ್ಲಿ ಪದ ಹೇಳಬಾರದು ಅಂತ ನನಗೆ ಗೊತ್ತಿತ್ತು. ಆಫೀಸು ಗೋಡೆಯಲ್ಲಿ ಲೈಸೆನ್ಸಿನ ಕಾಗದ ಕಟ್ಟು ಹಾಕಿಸಿ ನೇತುಹಾಕಿತ್ತು. ಕೆಲಸದ ಮಾತು ಬಿಟ್ಟು ಬೇರೆ ಆಡಬಾರದು. ಆದರೆ ಹೊಗಳಿದರೆ ಹಾಡುಗಾರ ತಡೆಯಲ್ಲ. ಮೈಕು ಎತ್ತಿದೆ. ಮುಂದಿನ ದೀಪ ಹತ್ತಿತ್ತು. ನೋಡಿದೆ. ಆಚೆಯವರದ್ದು, ಸಿಮೆಂಟೋ ಡೀಸೆಲ್ಲೋ ಅಂದುಕೊಂಡೆ. ಒತ್ತಿದೆ.

ಮಾದಪ್ಪ ಹುಲಿ ಏರಿ ಬರೋ ಪದ. ಸ್ಟೀರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕಿಕೊಂಡು ಹೇಳಿದೆ. ಒಂದು ನಿಮಿಷ ಆದ ಕೂಡಲೆ ಸೆಟ್ಟು ಕೀಂ ಅಂತ ಕೂಗಿ ಮಾತು ಕಡಿಯಿತು. ಅದೂ ಒಂದು ಆಪ್ಷನ್. ಒಬ್ಬನೇ ಒತ್ತಿಕೊಂಡು ಕೂತು ಚಾನೆಲ್ ಹಿಡಿದುಕೊಳ್ಳದಿರಲಿ ಅಂತ ಟೈಮರು. ನಾನು ಬೆರಳು ಬಿಟ್ಟು ಮತ್ತೆ ಒತ್ತಿದೆ, ಬಿಟ್ಟಲ್ಲಿಂದ ಎತ್ತಿಕೊಂಡೆ. ಹಾಗೆ ನಾಲ್ಕು ಸಲ ಕಡಿಯಿತು, ನಾಲ್ಕು ಸಲ ಎತ್ತಿಕೊಂಡೆ. ಬಿಟ್ಟಾಗೆಲ್ಲ ದೀಪ ಮಿಣುಕ್ ಅನ್ನೋದು. ರೈಟರು "ಭೇಷ್" ಅಂದರು. ಕೂಲಿ ಜನ ಬಂದರು, ಕೂರಿಸಿಕೊಂಡು ಇಳಿದೆ.

ಮಾರನೇ ದಿನ ಮಸಿನಗುಡಿಯ ಟೀ ಅಂಗಡಿಯಲ್ಲಿ ಸುದ್ದಿ. ಆಚೆ ಗುಂಪಿನ ಇಬ್ಬರು ವಾಚರು ಹಳ್ಳದಲ್ಲಿ ಬರ್ತಿದ್ದಾಗ ಒಂಟಿ ಆನೆ ಒಬ್ಬನನ್ನ ಎತ್ತಿ ಬಂಡೆ ಮೇಲೆ ಎಸೆಯಿತು. ತೊಡೆ ಮೂಳೆ ಮುರಿದು, ಚರ್ಮದಾಚೆ ಬಂದಿತ್ತು. ಜೊತೆಯವನ ಕೈಯಲ್ಲಿ ಸಣ್ಣ ಸೆಟ್ಟಿತ್ತು. ಒತ್ತಿ ಒತ್ತಿ ಕರೆದ, ಆಫೀಸು ಎತ್ತಲಿಲ್ಲ. ಕೊನೆಗೆ ಅವನೇ ರಸ್ತೆವರೆಗೆ ಓಡಿ, ಬಂದ ಲಾರಿ ನಿಲ್ಲಿಸಿ, ಜನ ಕರಕೊಂಡು ಹೋಗೋ ಹೊತ್ತಿಗೆ ಕತ್ತಲಾಗಿತ್ತು. ಜೀವ ಇತ್ತು. ಇಷ್ಟು ಹೇಳಿ ಅಂಗಡಿಯವನು, "ಯಾವನೋ ವೈರ್‌ಲೆಸ್ಸಲ್ಲಿ ಪದ ಹೇಳ್ತಾ ಕೂತಿದ್ನಂತೆ ಕಣಣ್ಣ" ಅಂದ. ನನ್ನ ಕೈಲಿದ್ದ ಟೀ ಕುಡಿಯೋಕೆ ಆಗಲಿಲ್ಲ. ಕಾಸು ಇಟ್ಟು ಎದ್ದು ಬಂದೆ. ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿಗೂ.

ಮೆಕ್ಯಾನಿಕ್ ಮತ್ತೆ ಬಂದಾಗ, ಬೇರೆ ಯಾರದ್ದೋ ಕತೆ ಅನ್ನೋ ಹಾಗೆ ಕೇಳಿದೆ. ಅವನ ಕಡೆಯವರಿಗೆ ಯಾಕೆ ಏನೂ ಕೇಳಲಿಲ್ಲ? ಅವನು ಬಿಡಿಸಿ ಹೇಳಿದ. ಇದು ಎಫ್.ಎಂ. ಎರಡು ದನಿ ಒಟ್ಟಿಗೆ ಬಂದರೆ ಬೆರೆಯಲ್ಲ, ದೊಡ್ಡದು ಸಣ್ಣದನ್ನ ನುಂಗುತ್ತೆ. ಏರಿ ಮೇಲಿನ ಜೀಪಿನ 25 ವಾಟ್ ಎಲ್ಲಿ, ಹಳ್ಳದೊಳಗಿನ ಕೈಸೆಟ್ಟಿನ ಎರಡೋ ಐದೋ ವಾಟ್ ಎಲ್ಲಿ. ಇನ್ನು ಅವರ ಆಫೀಸಿನ ಸೆಟ್ಟಿಗೆ ಬಂದದ್ದು ದೊಡ್ಡ ದನಿ, ಆದರೆ ಶ್ರುತಿ ಅವರದ್ದಲ್ಲ. ಹಾಗಾಗಿ ಅದು ಬಾಯೇ ಬಿಡಲಿಲ್ಲ. ಅಲ್ಲಿ ಕೂತಿದ್ದೋನಿಗೆ ಪದವೂ ಕೇಳಿಲ್ಲ, ಕೂಗೂ ಕೇಳಿಲ್ಲ. ಇವತ್ತು ಎಲ್ಲ ಸಲೀಸು ಅಂದುಕೊಂಡು ಕೂತಿರ್ತಾನೆ.

"ಇದಕ್ಕೆ ಏನೂ ದಾರಿ ಇರಲಿಲ್ವಾ ಸಾರ್" ಅಂದೆ. ಇತ್ತು ಅಂದ. ಚಾನೆಲ್ಲಲ್ಲಿ ಬೇರೆ ಯಾರಾದರೂ ಇದ್ದರೆ ನೀವು ಒತ್ತಿದರೂ ಸೆಟ್ಟು ಕಳಿಸಲ್ಲ, ಬುರ್ ಅಂತ ಬೈದು ಸುಮ್ಮನಾಗುತ್ತೆ. ಹಂಗೂ ಒಂದು ಆಪ್ಷನ್, ಕಂಪ್ಯೂಟರಲ್ಲಿ ಒಂದು ಗೆರೆ. "ನಿಮ್ಮ ಸೆಟ್ಟಿಗೆ ಹಾಕಲಾ ಅಂತ ಅವತ್ತೇ ಕೇಳಿದ್ದೆ. ಅರ್ಜೆಂಟಿಗೆ ಅಡ್ಡಿ ಆಗುತ್ತೆ ಅಂದರು." ಅವನು ಇನ್ನೂ ಒಂದು ಮಾತು ಹೇಳಿದ, ಅದು ನನಗೆ ಇವತ್ತಿಗೂ ಸೋಜಿಗ. ಅಮೆರಿಕದ ಡೆಟ್ರಾಯಿಟ್ ಪೊಲೀಸರು 1928ರಲ್ಲಿ ಕಾರುಗಳಿಗೆ ರೇಡಿಯೋ ಹಾಕಿದಾಗ ಅದರಲ್ಲಿ ಕೇಳೋದು ಮಾತ್ರ ಇತ್ತಂತೆ, ಮಾತಾಡೋ ಹಾಗಿಲ್ಲ. ಆಮೇಲೆ 1933ರಲ್ಲಿ ನ್ಯೂಜೆರ್ಸಿಯ ಬಯೋನ್ ಅನ್ನೋ ಊರಲ್ಲಿ ಕಾರಿಂದಲೂ ಮಾತಾಡೋ ಹಾಗಾಯಿತಂತೆ. ಆರ್ಮ್‌ಸ್ಟ್ರಾಂಗ್ ಅನ್ನೋರು ಎಫ್.ಎಂ.ಗೆ ಪೇಟೆಂಟ್ ಪಡೆದದ್ದೂ ಅದೇ ವರ್ಷ, ನಮ್ಮ ದೇಶದ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯೂ ಅದೇ ವರ್ಷದ್ದು. ಆ ಇಸವಿಗೂ ಈ ಡಬ್ಬಿಗೂ ಏನು ಋಣವೋ.

ಅವತ್ತೇ ಅವನ ಕೈಯಲ್ಲಿ ಆ ಬೆಸುಗೆ ಬಿಡಿಸಿದೆ. "ಯಾಕೆ, ಗದ್ದಲ ಬೇಡ ಅಂದಿದ್ರಿ?" ಅಂದ. ಇರಲಿ ಅಂದೆ. ಆಮೇಲೆ ಆರು ವರ್ಷ ಜೀಪು ಓಡಿಸಿದೆ. ಮೈಕು ಎತ್ತಿ, ಒಂದರಿಂದ ಐದು ಎಣಿಸಿ, ಆಮೇಲೇ ಒತ್ತುತ್ತಿದ್ದೆ. ರೈಟರಿಗೆ ಸಿಟ್ಟು. "ಬೇಗ ಹೇಳಯ್ಯ" ಅನ್ನೋರು.

ಎರಡು ವರ್ಷ ಕಳೆದು ಜಾತ್ರೆ. ರಾತ್ರಿ ಪದ ಮುಗಿಸಿ ಬೆವರು ಒರೆಸಿಕೊಳ್ತಿದ್ದೆ. ಕೋಲೂರಿಕೊಂಡು ಒಬ್ಬ ಬಂದ. ಬಲಗಾಲು ಎಳೆಯುತ್ತಿದ್ದ. ನನ್ನ ವಯಸ್ಸಿನವನೇ. "ಈ ದನಿ ನಾನು ಕೇಳಿದ್ದೀನಿ" ಅಂದ. ನನಗೆ ಅಲ್ಲೇ ಗೊತ್ತಾಯಿತು. ಪಕ್ಕಕ್ಕೆ ಕರಕೊಂಡು ಹೋಗಿ ಕೂರಿಸಿದೆ. ಅವನು ಜಗಳಕ್ಕೆ ಬಂದಿರಲಿಲ್ಲ. ನಿಧಾನವಾಗಿ ಹೇಳಿದ. ಕರೆದು ಕರೆದು ಉತ್ತರ ಬರದೆ ಹೋದಾಗ ಜೊತೆಯವನು ಕೈಸೆಟ್ಟಿನ ಪಕ್ಕದ ಗುಂಡಿ ಒತ್ತಿ ಟೋನಿನ ಬಾಗಿಲು ತೆಗೆದು ನೋಡಿದನಂತೆ. ಒಳಗಿಂದ ಮಾದಪ್ಪನ ಪದ ಬಂತಂತೆ.

"ನೀನು ನಿಲ್ಲಿಸಿದಾಗೆಲ್ಲ ಒತ್ತಿದೋ ಕಣಣ್ಣ. ನಾವು ಎರಡು ಮಾತು ಆಡೋದ್ರೊಳಗೆ ಮತ್ತೆ ಎತ್ಕೊಳ್ತಿದ್ದೆ."

ಟೈಮರು ಕೊಟ್ಟ ಆ ನಾಲ್ಕು ಸಂದು ಅವರಿಗಾಗೇ ಇತ್ತು. ನಾನು ಅದನ್ನೂ ಬಿಡಲಿಲ್ಲ. "ದೀಪ ಹತ್ತಿತ್ತು. ನಾನು ನೋಡಿದ್ದೆ" ಅಂದೆ. ಅದುವರೆಗೆ ಯಾರಿಗೂ ಹೇಳದೇ ಇದ್ದದ್ದು ಅದೇ. ಅವನಿಗೆ ಅದು ಗೊತ್ತಿರಲಿಲ್ಲ. ಯಾರೋ ತಿಳಿಯದೆ ಹೇಳ್ತಿದ್ದಾನೆ ಅಂದುಕೊಂಡಿದ್ದ. ತುಂಬಾ ಹೊತ್ತು ಸುಮ್ಮನೆ ಕೂತ. ಬೀಡಿ ಕೇಳಿದ, ಕೊಟ್ಟೆ. ಅರ್ಧ ಸೇದಿ, "ಪದ ಚೆನ್ನಾಗಿತ್ತು. ಅದೇ ಕಷ್ಟ" ಅಂದ. ಕೋಲು ಹುಡುಕಿಕೊಂಡು ಎದ್ದು ಹೋದ.

ಎಸ್ಟೇಟ್ ಬಿಡೋವಾಗ ಜೀಪು ಗುಜರಿಗೆ ಹಾಕ್ತಿದ್ದರು. ಸೆಟ್ಟನ್ನ ಲೈಸೆನ್ಸಿನ ಲೆಕ್ಕಕ್ಕೆ ಆಫೀಸಿನವರು ತೆಗೆದಿಟ್ಟುಕೊಂಡರು. ಕೊಂಡಿ ಯಾರಿಗೂ ಬೇಡವಾಗಿತ್ತು, ಬಿಚ್ಚಿಕೊಂಡು ಬಂದೆ. ಈಗ ಎಲ್ಲರ ಜೇಬಲ್ಲೂ ಫೋನು, ಟವರ್ ಸಿಕ್ಕ ಕಡೆ ಮಾತು, ಸಿಗದ ಕಡೆ ಇಲ್ಲ. ಫಾರೆಸ್ಟಿನವರು ಮಾತ್ರ ಇನ್ನೂ ವೈರ್‌ಲೆಸ್ ಬಿಟ್ಟಿಲ್ಲ. 2021ರಲ್ಲಿ ಟಿ-23 ಅನ್ನೋ ಹುಲಿಗಾಗಿ ಇಲ್ಲೆಲ್ಲ ಹುಡುಕಿ, ಅಕ್ಟೋಬರ್ 15ರಂದು ಹಿಡಿದರಲ್ಲ, ಆಗ ನಮ್ಮ ಹೊಲದ ಬದುವಲ್ಲಿ ಇಬ್ಬರು ಹುಡುಗರು ವಾಕಿಟಾಕಿ ಹಿಡಿದು ನಿಂತಿದ್ದರು. ಕರ್ ಅಂತ ಬಾಗಿಲು ತೆರೆಯೋ ಆ ಸದ್ದು ಕೇಳಿ, ಕಳೆ ಕೀಳ್ತಿದ್ದವನು ಹಾಗೇ ನಿಂತೆ. ಅವರಲ್ಲಿ ಒಬ್ಬ ಒತ್ತೋ ಮೊದಲು ಸೆಟ್ಟನ್ನ ಕಿವಿಗೆ ಹಿಡಿದು ಒಂದು ಗಳಿಗೆ ಕೇಳಿಸಿಕೊಂಡ. ಕರೆದು ನೀರು ಕೊಟ್ಟೆ. ಯಾಕೆ ಅಂತ ಅವನಿಗೆ ಗೊತ್ತಿಲ್ಲ.

ಆ ಪದ ನಾನು ಆಮೇಲೆ ಜಾತ್ರೆಯಲ್ಲಿ ಹೇಳಿಲ್ಲ. ಮರೆತಿಲ್ಲ, ಒಂದು ಸೊಲ್ಲೂ ಬಿಡದೆ ಬಾಯಲ್ಲಿದೆ. ಬೇಕಾದರೆ ಹುಡುಗರು ಯಾರಾದರೂ ಬಂದು ಕಲಿತುಕೊಳ್ಳಲಿ, ಹೇಳಿಕೊಡ್ತೀನಿ.